ಶಾಲು ಹೊದಿಸಿದವರು

ಅವರಿಗೆ ಎಪ್ಪತ್ತು ತುಂಬುತ್ತಿದೆಯಂತೆ. ಅಭಿನಂದನಾ ಗ್ರಂಥ ತರುತ್ತಿದ್ದೇವೆ, ನೀವು ಕನ್ನಡ ಪಾಠ ಮಾಡೋರಲ್ವಾ ಮೇಡಂ, ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ಸಮಿತಿಯವರೊಬ್ಬರು ಫೋನು ಮಾಡಿದರು. ನಿಮ್ಮ ಅಕ್ಕನವರ ಆ ಫೋಟೋನೂ ಹಾಕುತ್ತೇವೆ ಎಂದರು. ಅಕ್ಕ ತಲೆಗೆ ಮೈಸೂರು ಪೇಟ ಇಟ್ಟುಕೊಂಡು, ಶಾಲು ಹೊದ್ದು, ಏನು ಮಾಡಬೇಕೆಂದು ತಿಳಿಯದೆ ನಗುತ್ತಾ ನಿಂತಿರುವ ಫೋಟೋ ಅದು. ಫೋಟೋ ಬೇಡ, ಬರೆದುಕೊಡುತ್ತೇನೆ ಎಂದೆ. ಬರೆದದ್ದು ಇದು. ಗ್ರಂಥದಲ್ಲಿ ಇದಕ್ಕೆ ಜಾಗ ಸಿಗುವುದಿಲ್ಲ ಎಂದು ನನಗೂ ಗೊತ್ತು. ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ಅದು ಮರ್ಯಾದೆಗೆ ಬಿಟ್ಟದ್ದಲ್ಲ. ತಮ್ಮ ಹೆಸರನ್ನು ಮತ್ತೊಂದು ಸಲ ಅಚ್ಚಿನಲ್ಲಿ ನೋಡಿಕೊಳ್ಳುವ ಸಂತೋಷವನ್ನು ಅವರಿಗೆ ನಾನೇಕೆ ಕೊಡಲಿ?

ಜನರ ಅಭಿಪ್ರಾಯ ಕೇಳುವುದು ಅವರ ಉದ್ಯೋಗವಾಗಿತ್ತು. ಊರಿನ ಹೊಗೆ ಕಡಿಮೆಯಾಗಬೇಕು, ಡೀಸೆಲ್ ಬಸ್ಸು ಹೋಗಿ ಎಲೆಕ್ಟ್ರಿಕ್ ಬಸ್ಸು ಬರಬೇಕು, ಬಸ್ಸಿನ ದಾರಿಗಳನ್ನೆಲ್ಲ ಹೊಸದಾಗಿ ಜೋಡಿಸಬೇಕು ಎಂಬ ಯೋಜನೆ ಬಂದಾಗ, ಅದನ್ನು ಆಫೀಸಿನಲ್ಲಿ ಕೂತು ಮಾಡಬಾರದು, ಆಯಾ ಬಡಾವಣೆಯ ಜನರನ್ನು ಕೂರಿಸಿಕೊಂಡು ಮಾಡಬೇಕು ಎಂದು ಯಾರೋ ಪುಣ್ಯಾತ್ಮರು ಬರೆದಿಟ್ಟಿದ್ದರು. ಹಾಗೆ ಕೂರಿಸಿಕೊಂಡು ಮಾತಾಡಿಸುವ ಕೆಲಸ ವಹಿಸಿಕೊಂಡಿದ್ದ ಸಂಸ್ಥೆಗೆ ಇವರೇ ಹಿರಿಯರು. ನಮ್ಮ ಕಾಮಾಕ್ಷಿಪಾಳ್ಯದಲ್ಲಿ ಒಂದು ಕಲ್ಯಾಣಮಂಟಪ ಹಿಡಿದು, ಬಾಗಿಲಲ್ಲಿ ಬ್ಯಾನರು ಕಟ್ಟಿ, ಭಾನುವಾರ ಬೆಳಿಗ್ಗೆ ಸಭೆ ಕರೆದರು. ಬಂದವರಿಗೆಲ್ಲ ಚೌಚೌ ಬಾತು, ಕಾಫಿ. ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಹೊಲಿಯುತ್ತಿದ್ದ ಅಕ್ಕ ಅಲ್ಲಿನ ತನ್ನ ಗೆಳತಿಯರನ್ನೆಲ್ಲ ಕರೆದುಕೊಂಡು ಹೊರಟಳು. ರಜದ ದಿನ ಮನೆಯಲ್ಲಿ ಕೂತೇನು ಮಾಡುತ್ತೀಯ, ಬಾರೇ ಎಂದು ನನ್ನನ್ನೂ ಎಳೆದುಕೊಂಡು ಹೋದಳು.

ಮೊದಲ ನೋಟಕ್ಕೆ ನನಗೂ ಅವರು ಮೆಚ್ಚಿಗೆಯಾದರು. ಇದನ್ನು ಬರೆಯುವಾಗ ಹೊಟ್ಟೆ ಉರಿಯುತ್ತದೆ, ಆದರೂ ಬರೆಯಬೇಕು. ಬಿಳಿ ಖಾದಿ ಷರ್ಟು, ಹೆಗಲಿಗೊಂದು ಬಟ್ಟೆ ಚೀಲ. ಚೀಲದೊಳಗೆ ಅವರದೇ ಸ್ಟೀಲ್ ಲೋಟ. ಪೇಪರ್ ಕಪ್ಪಿನಲ್ಲಿ ಕಾಫಿ ಕುಡಿಯುತ್ತಿರಲಿಲ್ಲ. ಸಭೆಗೆ ಸಿಟಿ ಬಸ್ಸಿನಲ್ಲೇ ಬರುತ್ತಿದ್ದರು, ಅದು ನಾಟಕವಲ್ಲ, ನಾನೇ ಕಂಡಿದ್ದೇನೆ. ಬಂದವರು ವೇದಿಕೆ ಹತ್ತಲಿಲ್ಲ. ಹೆಂಗಸರು ಹಿಂದಿನ ಸಾಲಿನಲ್ಲಿ ಮುದುರಿ ಕೂತಿದ್ದನ್ನು ನೋಡಿ, ಒಂದು ಪ್ಲಾಸ್ಟಿಕ್ ಕುರ್ಚಿಯನ್ನು ತಾವೇ ಎತ್ತಿಕೊಂಡು ನಮ್ಮ ಹತ್ತಿರ ಬಂದು ಅದರ ತುದಿಯಲ್ಲಿ ಕೂತರು. ಎಡಗಿವಿಯನ್ನು ಒಂದಿಷ್ಟು ಮುಂದೆ ಮಾಡಿ, ಕಣ್ಣು ಅರ್ಧ ಮುಚ್ಚಿ, ‘ಹೇಳಿ ತಾಯಿ’ ಎನ್ನುತ್ತಿದ್ದರು. ಗಂಡನ ಹತ್ತಿರ, ಸೂಪರ್‌ವೈಸರ್ ಹತ್ತಿರ ಬೈಸಿಕೊಂಡೇ ಬದುಕು ಕಳೆದವರಿಗೆ ಅಂಥ ಕಿವಿ ಸಿಕ್ಕರೆ ಏನಾಗುತ್ತದೆ ಹೇಳಿ. ಗಂಟಲಲ್ಲಿ ಸಿಕ್ಕಿಕೊಂಡಿದ್ದದ್ದೆಲ್ಲ ಹೊರಗೆ ಬಂತು.

ಆ ಹೆಂಗಸರು ಕೇಳಿದ್ದು ಒಂದೇ. ಕಾಮಾಕ್ಷಿಪಾಳ್ಯದಲ್ಲಿ ಹತ್ತಿದರೆ ನಾಯಂಡಹಳ್ಳಿಯಲ್ಲಿ ಫ್ಯಾಕ್ಟರಿ ಇರುವ ಗಲ್ಲಿಯ ಬಾಯಿಗೇ ಇಳಿಸುವ ಒಂದು ಬಸ್ಸಿತ್ತು. ಬೆಳಿಗ್ಗೆ ಅದು, ಸಂಜೆ ಅದು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲಂತೂ ಅದು ಅವರ ಪಾಲಿನ ತೇರು. ಬಸ್ಸು ಯಾವುದಾದರೂ ಇರಲಿ, ಡೀಸೆಲ್ಲೋ ಕರೆಂಟೋ, ಆ ದಾರಿ ತಪ್ಪಿಸಬೇಡಿ ಎಂದರು. ಗೇಟು ಹಾಕುವ ಹೊತ್ತಿಗೆ ಒಳಗಿರದಿದ್ದರೆ ಅರ್ಧ ದಿನದ ಸಂಬಳ ಹೋಗುತ್ತದೆ ಎಂದರು. ಅವರು ಪೂರ್ತಿ ಕೇಳಿದರು. ಕೇಳಿ, ಅದೇ ಮಾತನ್ನು ಇನ್ನೂ ಚೆನ್ನಾಗಿ ತಿರುಗಿಸಿ ಹೇಳಿದರು.

‘ಅಂದ್ರೆ ತಾಯಿ, ನಿಮಗೆ ಬೇಕಾಗಿರೋದು ಬಸ್ಸಲ್ಲ, ಭರವಸೆ. ಬೆಳಿಗ್ಗೆ ಮನೆ ಬಿಟ್ಟೋಳು ಹೊತ್ತಿಗೆ ಸರಿಯಾಗಿ ತಲುಪ್ತೀನಿ ಅನ್ನೋ ಭರವಸೆ. ಸರಿನಾ?’

ಎಲ್ಲರೂ ಸರಿ ಎಂದು ತಲೆ ಆಡಿಸಿದರು. ಮಂಜುಳ ಕಣ್ಣೊರೆಸಿಕೊಂಡಳು. ಮಂಜುಳ ಎಂದರೆ ಅಕ್ಕನ ಪಕ್ಕದ ಮಿಷನ್ನಿನವಳು, ಇಬ್ಬರೂ ಒಂದೇ ಡಬ್ಬಿಯಲ್ಲಿ ಉಂಡವರು. ಬಸ್ಸನ್ನು ಭರವಸೆ ಮಾಡಿಬಿಟ್ಟರಲ್ಲ, ಅಲ್ಲೇ ಇವರ ಕೈಚಳಕ ಇದ್ದದ್ದು ಎಂದು ಹೊಳೆಯಲು ನನಗೆ ಬಹಳ ದಿನ ಹಿಡಿಯಿತು. ಮೂಗಿಗೆ ತುಪ್ಪ ಸವರುವುದು ಎನ್ನುತ್ತಾರಲ್ಲ, ಇವರು ಸವರುತ್ತಿದ್ದ ತುಪ್ಪ ಮನೆಯಲ್ಲೇ ಕಾಯಿಸಿದ್ದು, ಘಮಘಮ ಅನ್ನುವಂಥದ್ದು.

ಅವರು ಲಂಚ ಮುಟ್ಟಿದವರಲ್ಲ. ಯಾರನ್ನೂ ಗದರಿದವರಲ್ಲ. ಕಳ್ಳನೋ ಒರಟನೋ ಆಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಎದುರು ಮಾತಾಡುವವರನ್ನು ಸುಮ್ಮನಾಗಿಸಲು ಅವರ ಹತ್ತಿರ ಬೇರೆಯೇ ಉಪಾಯವಿತ್ತು, ಸನ್ಮಾನ. ಒಂದು ಸಭೆಯಲ್ಲಿ ಯಾರ ದನಿ ಏರಿತೋ ಅವರಿಗೆ ಮುಂದಿನ ಸಭೆಯಲ್ಲಿ ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ. ನಮ್ಮ ರಸ್ತೆಯ ಲೇತ್ ವರ್ಕ್‌ಶಾಪಿನ ಯಜಮಾನರು ಮೊದಲ ಸಭೆಯಲ್ಲಿ ಮೈಕು ಕಿತ್ತುಕೊಂಡು, ಬಸ್ಸಿಗೋಸ್ಕರ ಲಾರಿ ನಿಲ್ಲಿಸೋ ಜಾಗ ತೆಗೆದರೆ ನಾವೇನು ಮಣ್ಣು ತಿನ್ನೋಣವೇ ಎಂದು ಕೂಗಾಡಿದ್ದರು. ಎರಡನೆಯ ಸಭೆಯಲ್ಲಿ ಅವರನ್ನು ‘ಈ ಭಾಗದ ನೇರನುಡಿಯ ಹಿರಿಯರು’ ಎಂದು ಕರೆದು ಪೇಟ ಇಟ್ಟರು. ಪೇಟ ಇಟ್ಟುಕೊಂಡು ಬೈಯಲಾಗುತ್ತದೆಯೆ? ಯಜಮಾನರು ಮೂರನೆಯ ಸಭೆಗೆ ಬಂದು ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿ ಹೋದರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಕೆಲಸ ಮುಗಿದಿತ್ತು.

ನಮ್ಮ ಜನಕ್ಕೆ ಶಾಲು ಹೊದಿಸಲು ಬಂದವರಿಗೆ ಬೆನ್ನು ತೋರಿಸುವುದು ಗೊತ್ತಿಲ್ಲ. ಮನೆಗೆ ಬಂದವರಿಗೆ ನೀರು ಕೊಡದೆ ಕಳಿಸಿದಷ್ಟು ಪಾಪ ಎಂದುಕೊಳ್ಳುತ್ತೇವೆ. ಇದನ್ನು ಅವರಷ್ಟು ಚೆನ್ನಾಗಿ ಬಲ್ಲವರು ಇನ್ನೊಬ್ಬರಿರಲಿಲ್ಲ.

ಎರಡನೆಯ ಸಭೆಯಲ್ಲೇ ಅಕ್ಕ ಎದ್ದು ನಿಂತಳು. ಅವಳು ಓದಿದ್ದು ಏಳನೇ ಕ್ಲಾಸು. ಹೋದ ಸಲ ಹೇಳಿದ್ದು ಏನಾಯ್ತು ಸಾರ್ ಎಂದು ಕೇಳಿದಳು. ‘ದಾಖಲಾಗಿದೆ ತಾಯಿ’ ಎಂದರು. ‘ದಾಖಲಾದ್ರೆ ಬಸ್ಸು ಬರುತ್ತಾ ಸಾರ್? ಹೂಂ ಅನ್ನಿ, ಇಲ್ಲ ಅನ್ನಿ’ ಎಂದಳು ಅಕ್ಕ. ಅವರು ನಕ್ಕರು, ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ಸಂಸ್ಥೆಯ ಹುಡುಗಿಗೆ ಏನೋ ಹೇಳಿದರು. ಮೂರನೆಯ ಸಭೆಗೆ ನಾವು ಹೋಗಿ ಕೂರುವಷ್ಟರಲ್ಲಿ ಮೈಕಿನಲ್ಲಿ ಅಕ್ಕನ ಹೆಸರು ಬಂತು.

ಅವಳು ಕೂತಲ್ಲೇ ನನ್ನ ಕೈ ಹಿಡಿದುಕೊಂಡಳು. ‘ನಾನ್ಯಾಕೆ ಕಣೇ?’ ಎಂದಳು. ಗೆಳತಿಯರು ಹೋಗಕ್ಕಾ ಹೋಗಕ್ಕಾ ಎಂದು ಎಬ್ಬಿಸಿದರು. ಅವರೇ ಎದುರು ಬಂದು ಕೈ ಹಿಡಿದು ಮೇಲೆ ಹತ್ತಿಸಿ, ಪೇಟವನ್ನು ತಾವೇ ಅವಳ ತಲೆಗಿಟ್ಟು, ಶಾಲು ಹೊದಿಸಿ, ‘ಈ ತಾಯಿಯಂಥೋರು ಜೊತೆಗಿದ್ರೆ ನಮ್ಮ ನಗರ ಹಸಿರಾಗೋದನ್ನ ಯಾರೂ ತಡೆಯೋಕಾಗಲ್ಲ’ ಎಂದರು. ಕ್ಯಾಮೆರಾಗಳು ಮಿನುಗಿದವು. ಅಕ್ಕನಿಗೆ ಮೈಕು ಕೊಟ್ಟರು. ಅವಳು ಎಲ್ಲರಿಗೂ ನಮಸ್ಕಾರ ಎಂದು ಕೆಳಗಿಳಿದಳು. ಮಾಡಲು ಬಂದಿದ್ದ ಜಗಳವನ್ನು ಹಣ್ಣಿನ ಬುಟ್ಟಿಯ ಜೊತೆ ಮನೆಗೆ ತಂದಳು.

ಮುಂದಿನ ತಿಂಗಳು ಆ ಬಸ್ಸು ನಿಂತಿತು. ಮುಖ್ಯರಸ್ತೆಯ ದೊಡ್ಡ ದಾರಿಗೆ ಅದನ್ನು ಸೇರಿಸಿದ್ದೇವೆ, ವಿಜಯನಗರಕ್ಕೆ ಹೋದರೆ ಮೆಟ್ರೊ ಇದೆಯಲ್ಲ ಎಂದರು ಬಸ್ಸಿನ ಆಫೀಸಿನವರು. ಮೆಟ್ರೊ ಇದೆ, ಯಾರು ಇಲ್ಲವೆಂದರು? ಅದಕ್ಕೆ ಟಿಕೆಟ್ಟು ತೆಗೆಯಬೇಕು, ಚೀಲವನ್ನು ಮಿಷನ್ನಿನೊಳಗೆ ಕಳಿಸಬೇಕು, ಮೆಟ್ಟಿಲು ಹತ್ತಬೇಕು, ಇಳಿದು ಮೈಸೂರು ರಸ್ತೆ ದಾಟಬೇಕು. ಅಷ್ಟರಲ್ಲಿ ಗೇಟು ಹಾಕಿರುತ್ತದೆ. ಇದೂ ಹೋಗಲಿ ಎಂದರೆ ಯೋಜನೆಯ ಕರಪತ್ರವೊಂದು ಹೊರಬಂತು. ‘ಸ್ಥಳೀಯ ಮಹಿಳೆಯರ ಸಹಮತದೊಂದಿಗೆ’ ಎಂದು ಅದರ ಮೇಲೆ ದಪ್ಪ ಅಕ್ಷರ. ಅದರ ಕೆಳಗೆ ಪೇಟ ಇಟ್ಟುಕೊಂಡ ನಮ್ಮಕ್ಕ. ಫ್ಯಾಕ್ಟರಿಯ ಗೇಟಿನಲ್ಲೂ ಅದನ್ನು ಹಂಚಿದರು.

‘ನಿನಗೆ ಶಾಲು ಬಂತಲ್ಲಕ್ಕಾ, ನಮಗೆ ಬಸ್ಸು ಎಲ್ಲಿ?’ ಎಂದು ಮೊದಲು ಕೇಳಿದವಳು ಮಂಜುಳ. ನನಗೇನೂ ಗೊತ್ತಿಲ್ಲ ಕಣೇ ಎಂದು ಅಕ್ಕ ದೇವರ ಮೇಲೆ ಆಣೆ ಮಾಡಿದಳು. ಪೇಟ ಇಟ್ಟುಕೊಂಡು ನಗುತ್ತಿರುವ ಹೆಂಗಸಿನ ಆಣೆಯನ್ನು ಯಾರು ನಂಬುತ್ತಾರೆ? ಒಟ್ಟಿಗೆ ಹೊಲಿಯುವ ಬ್ಯಾಚಿನವರೆಲ್ಲ ಅವಳ ಜೊತೆ ಮಾತು ಬಿಟ್ಟರು. ಊಟದ ಹೊತ್ತಿಗೆ ಅವಳು ಬಂದು ಕೂತರೆ ಉಳಿದವರು ಎದ್ದು ಆಚೆ ಹೋಗಿ ಕೂರುತ್ತಿದ್ದರು. ತಡವಾಗಿ ಹೋದ ದಿನ ಬೈಸಿಕೊಳ್ಳುವುದು ಬೇರೆ. ಎರಡು ದೀಪಾವಳಿ ಕಾಣುವುದರೊಳಗೆ ಅಕ್ಕ ಕೆಲಸ ಬಿಟ್ಟು ಮನೆಯಲ್ಲಿ ಕೂತಳು. ಮಂಡಿ ನೋವು ಎಂದು ಎಲ್ಲರಿಗೂ ಹೇಳಿದಳು. ನೋವು ಮಂಡಿಯಲ್ಲಿರಲಿಲ್ಲ. ರೇಷ್ಮೆ ಬಟ್ಟೆಯಲ್ಲಿ ಚಪ್ಪಲಿ ಸುತ್ತಿ ಹೊಡೆಯುವುದು ಎನ್ನುತ್ತಾರಲ್ಲ, ಅದನ್ನು ನಾನು ಕಣ್ಣಾರೆ ಕಂಡದ್ದು ಆಗ. ಆ ದಿನದಿಂದ ಅವರಿಗೆ ಕೇಡು ಬಯಸುತ್ತಾ ಬಂದಿದ್ದೇನೆ. ಶುಕ್ರವಾರ ದೇವಸ್ಥಾನದಲ್ಲಿ ನಿಂತಾಗಲೂ ಬಯಸಿದ್ದೇನೆ. ದೇವಿ ಬೇಸರ ಮಾಡಿಕೊಂಡಂತೆ ಕಾಣಲಿಲ್ಲ.

ಒಂದು ಸಲ ಅವರಿಗೇ ಫೋನು ಮಾಡಿದೆ. ನೀವು ಮಾಡಿದ್ದು ಸರಿಯೇ ಎಂದು ಕೇಳಿದೆ. ನಾನು ನಿಲ್ಲಿಸುವವರೆಗೂ ಒಂದು ಮಾತೂ ಅಡ್ಡ ಹಾಕದೆ ಕೇಳಿದರು. ‘ನಿಮ್ಮ ನೋವು ನನಗೆ ಅರ್ಥ ಆಗುತ್ತೆ ಮೇಡಂ. ಇಷ್ಟು ಮನಸ್ಸು ಬಿಚ್ಚಿ ಮಾತಾಡಿದ್ದಕ್ಕೆ ಧನ್ಯವಾದ’ ಎಂದರು. ಹಾಸ್ಟೆಲಿನಲ್ಲಿರುವ ಅಕ್ಕನ ಮಗಳ ಹೆಸರು ಹಿಡಿದು, ಓದು ಹೇಗೆ ನಡೆದಿದೆ ಎಂದು ವಿಚಾರಿಸಿದರು. ಫೋನು ಇಟ್ಟ ಮೇಲೆ ನನಗೆ ಗೋಡೆಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

ಅವರು ಕೆಲಸದಿಂದ ನಿವೃತ್ತರಾಗಿ ವಿಜಯನಗರದ ಸ್ವಂತ ಮನೆಯಲ್ಲಿದ್ದಾರೆ ಎಂದು ಆಮೇಲೆ ಗೊತ್ತಾಯಿತು. ಒಳರಸ್ತೆಗಳಲ್ಲಿ ಸಣ್ಣ ಎಲೆಕ್ಟ್ರಿಕ್ ಬಸ್ಸುಗಳನ್ನು ಓಡಿಸುವ ಹೊಸ ಯೋಜನೆಯೊಂದು ಬಂತು. ಅದರಲ್ಲಿ ಒಂದು ಬಸ್ಸು ಕಾಮಾಕ್ಷಿಪಾಳ್ಯದಿಂದ ಹೊರಟು ವಿಜಯನಗರದ ಅಡ್ಡರಸ್ತೆಗಳಲ್ಲಿ ನುಗ್ಗಿ ನಾಯಂಡಹಳ್ಳಿಗೆ ಹೋಗುವುದು. ಹೆಚ್ಚುಕಡಿಮೆ ಹಳೆಯ ಬಸ್ಸೇ. ಆದರೆ ವಿಜಯನಗರದ ಆ ರಸ್ತೆಯವರು ಬೇಡವೆನ್ನುತ್ತಿದ್ದಾರೆ, ಭಾನುವಾರ ಅಲ್ಲಿನ ಪಾರ್ಕಿನಲ್ಲಿ ಜನರ ಸಭೆ ಇದೆ, ವಿರೋಧದ ಮುಂದಾಳು ಯಾರು ಗೊತ್ತಾ ಎಂದು ನನ್ನ ಸಹೋದ್ಯೋಗಿಯೊಬ್ಬರು ಹೇಳಿದರು. ಹೆಸರು ಕೇಳಿ ನನ್ನ ಕಿವಿ ನೆಟ್ಟಗಾಯಿತು.

ಅವತ್ತು ಸಂಜೆಯೇ ಮಂಜುಳನ ಮನೆಗೆ ಹೋದೆ. ಬಸ್ಸು ಬೇಕಾ ಬೇಡವಾ ಎಂದು ಕೇಳಿದೆ.

‘ಬೇಕು ಮೇಡಂ. ಅಕ್ಕ ಬರ್ತಾಳಾ?’

‘ಬರ್ತಾಳೆ.’

‘ಮತ್ತೆ ಶಾಲು ಹಾಕಿಸ್ಕೊಂಡು ಬಂದ್ರೆ?’

‘ಈ ಸಲ ಪಕ್ಕದಲ್ಲೇ ಕೂತ್ಕೊ, ಬೇಕಾದ್ರೆ ಸೆರಗು ಹಿಡ್ಕೊ’ ಎಂದೆ. ಮಂಜುಳ ನಗಲಿಲ್ಲ, ಆದರೆ ಭಾನುವಾರ ಎರಡು ಆಟೋ ತುಂಬ ಹೆಂಗಸರನ್ನು ಕರೆದುಕೊಂಡು ಬಂದಳು. ಅಕ್ಕನನ್ನು ಹೊರಡಿಸುವುದೇ ಕಷ್ಟವಾಯಿತು. ಇನ್ನೊಂದು ಸಭೆ ಬೇಡ ಕಣೇ ಎಂದು ಬಾಗಿಲಲ್ಲೇ ನಿಂತಿದ್ದಳು. ‘ಅವರು ಬಸ್ಸು ಬೇಡ ಅಂತಿದಾರೆ ಅಕ್ಕ’ ಎಂದೆ. ‘ಯಾರು, ಅವರಾ?’ ಎಂದು ಕೇಳಿ, ಒಳಗೆ ಹೋಗಿ ಸೀರೆ ಬದಲಿಸಿಕೊಂಡು ಬಂದಳು.

ಸಭೆ ನಡೆಸುತ್ತಿದ್ದವಳು ಹೊಸಬಳು, ಒಬ್ಬ ಚಿಕ್ಕ ವಯಸ್ಸಿನ ಹುಡುಗಿ. ರಸ್ತೆಯವರೆಲ್ಲ ಮುಂದಿನ ಕುರ್ಚಿಗಳಲ್ಲಿ ಕೂತಿದ್ದರು. ಆ ಮನೆಗಳಲ್ಲಿ ಅಡುಗೆ, ಪಾತ್ರೆ ಮಾಡುವ ಬಾಪೂಜಿ ನಗರದ ಹೆಂಗಸರು ಕೆಲವರು ಕುತೂಹಲಕ್ಕೆ ಹಿಂದೆ ಬಂದು ನಿಂತಿದ್ದರು. ಮುಂದಿನ ಸಾಲಿನಿಂದ ಇವರು ಎದ್ದರು. ಅದೇ ಖಾದಿ, ಅದೇ ದನಿ. ಆದರೆ ಈ ಸಲ ಕೇಳುವವರಲ್ಲ, ಹೇಳುವವರು. ನಾನು ಎಲೆಕ್ಟ್ರಿಕ್ ಬಸ್ಸಿಗೆ ವಿರೋಧಿಯಲ್ಲ, ಆದರೆ ನಮ್ಮದು ಶಾಂತವಾದ ರಸ್ತೆ, ವಯಸ್ಸಾದವರಿದ್ದಾರೆ ಎಂದರು. ಆ ದೊಡ್ಡ ಹೊಂಗೆ ಮರದ ಮನೆ ನಂದೇ, ಬಸ್ಸು ನಮ್ಮ ಗೇಟಿಗೇ ತಗುಲಿಕೊಂಡು ಹೋಗುತ್ತೆ, ಅದು ಮುಖ್ಯರಸ್ತೆಯಲ್ಲೇ ಹೋದರೆ ಎಲ್ಲರಿಗೂ ಕ್ಷೇಮ ಎಂದರು. ಮುಂದಿನ ಸಾಲು ತಲೆ ಆಡಿಸಿತು.

ಅಷ್ಟರಲ್ಲಿ ಅವರ ಕಣ್ಣಿಗೆ ಅಕ್ಕ ಬಿದ್ದಳು. ಮುಖ ಅರಳಿತು. ಹಾಗೆ ಅರಳಿದ್ದೂ ನಿಜವೇ, ಅವರಿಗೆ ಜನರೆಂದರೆ ನಿಜವಾಗಿ ಇಷ್ಟ. ‘ನೋಡಿ, ನಮ್ಮ ಮಧ್ಯೆ ಒಬ್ಬ ತಾಯಿ ಬಂದಿದಾರೆ. ಕಾಮಾಕ್ಷಿಪಾಳ್ಯದಲ್ಲಿ ನಾನೇ ಇವರನ್ನ ಗೌರವಿಸಿದ್ದೆ. ಇವರ ಕಷ್ಟ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಬಸ್ಸು ಯಾವ ರಸ್ತೇಲಿ ಹೋದ್ರೇನು, ಹೊತ್ತಿಗೆ ತಲುಪಿದ್ರೆ ಸಾಕು ಅನ್ನೋದೇ ಇವರ ಅಭಿಪ್ರಾಯಾನೂ’ ಎಂದರು.

ಮಂಜುಳ ಅಕ್ಕನ ಮುಖ ನೋಡಿದಳು. ನಾನೂ ನೋಡಿದೆ. ಅಕ್ಕ ನಿಧಾನವಾಗಿ ಎದ್ದಳು.

‘ನಾನಿನ್ನೂ ಬಾಯೇ ಬಿಟ್ಟಿಲ್ಲ ಸಾರ್’ ಎಂದಳು.

ಹಿಂದೆ ನಿಂತ ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಹುಡುಗಿ ಮೈಕು ತಂದು ಕೊಟ್ಟಳು. ಅಕ್ಕ ಅದನ್ನು ಬಾಯಿಂದ ದೂರ ಹಿಡಿದುಕೊಂಡೇ ಮಾತಾಡಿದಳು, ಆದರೂ ಪಾರ್ಕಿಗೆಲ್ಲ ಕೇಳಿಸಿತು. ‘ಬಸ್ಸು ಈ ರಸ್ತೇಲೇ ಬರ್ಬೇಕು. ಮುಖ್ಯರಸ್ತೆಗೆ ಹೋದ್ರೆ ಹೊತ್ತಾಗುತ್ತೆ, ಗೇಟು ಹಾಕ್ತಾರೆ, ನಾನು ಅದನ್ನ ಅನುಭವಿಸಿದೀನಿ. ಇನ್ನು ಸ್ಟಾಪು. ಇಲ್ಲಿ ಕೆಲಸಕ್ಕೆ ಬರೋರು ಬಿಸಿಲಲ್ಲಿ ನಿಲ್ತಾರೆ. ಸಾರ್ ಮನೆ ಮುಂದೆ ದೊಡ್ಡ ಹೊಂಗೆ ಮರ ಇದೆ ಅಂತ ಸಾರೇ ಹೇಳಿದ್ರು. ಅಲ್ಲೇ ಹಾಕಿ.’

ಹಿಂದಿನಿಂದ ಚಪ್ಪಾಳೆ ಬಂತು. ತಮ್ಮ ಮನೆಯ ಅಡುಗೆಯವಳೇ ಚಪ್ಪಾಳೆ ತಟ್ಟುವುದನ್ನು ಮುಂದಿನ ಸಾಲಿನವರು ಹೊರಳಿ ನೋಡಿದರು. ಹುಡುಗಿ ಬಸ್ಸು ಹತ್ತುವವರು ಯಾರು, ಹತ್ತದವರು ಯಾರು ಎಂದು ಬೇರೆ ಬೇರೆಯಾಗಿ ಕೈ ಎತ್ತಿಸಿದಳು. ಹತ್ತುವವರ ಕೈಗಳೇ ಹೆಚ್ಚು. ಇಷ್ಟು ಸರಳವಾದ ಕೆಲಸವನ್ನು ನಮ್ಮ ಕಲ್ಯಾಣಮಂಟಪದಲ್ಲಿ ಯಾರೂ ಮಾಡಿರಲಿಲ್ಲ.

ಕಾಫಿಯ ಹೊತ್ತಿಗೆ ಅವರು ತಮ್ಮ ಲೋಟ ಹಿಡಿದು ನಮ್ಮ ಹತ್ತಿರ ಬಂದರು. ದನಿ ತಗ್ಗಿತ್ತು. ‘ನಮ್ಮ ಮನೇವ್ರಿಗೆ ಹುಷಾರಿಲ್ಲ ತಾಯಿ. ಮುಂದಿನ ರೂಮಲ್ಲೇ ಮಲಗಿರ್ತಾರೆ. ನೀವು ಒಂದು ಮಾತು ಹೇಳಿದ್ರೆ ಸ್ಟಾಪು ಆಚೆ ಹೋಗುತ್ತೆ’ ಎಂದರು. ಅಷ್ಟು ಬರಿಯ ಮಾತನ್ನು, ಸಿಂಗಾರವಿಲ್ಲದ ಮಾತನ್ನು, ಅವರ ಬಾಯಲ್ಲಿ ಮೊದಲ ಸಲ ಕೇಳಿದೆ. ಅಕ್ಕ ಕರಗಿಬಿಡುತ್ತಾಳೆ ಎಂದು ನನಗೆ ಭಯವಾಯಿತು. ಅವಳು ‘ಅವರಿಗೆ ಬೇಗ ವಾಸಿಯಾಗ್ಲಿ ಸಾರ್’ ಎಂದಳು. ಅಷ್ಟು ಹೇಳಿ ಮಂಜುಳನ ಜೊತೆ ಆಟೋ ಕಡೆಗೆ ನಡೆದಳು. ಖುಷಿಯಾಯಿತೇ ಎಂದು ಕೇಳುವವರಿಗೆ ಹೇಳುತ್ತೇನೆ, ಆಯಿತು. ಹೋಳಿಗೆ ಉಂಡಷ್ಟು ಖುಷಿಯಾಯಿತು.

ಬಸ್ಸು ಬಂದಿದೆ, ಸ್ಟಾಪು ಆ ಹೊಂಗೆ ಮರದ ಕೆಳಗೇ ಆಗಿದೆ. ಮಂಜುಳ ಈಗ ಅದರಲ್ಲೇ ಹೋಗುತ್ತಾಳೆ, ಸಂಜೆ ಬರುವಾಗ ನಮ್ಮ ಮನೆಗೆ ನುಗ್ಗಿ ಕಾಫಿ ಕುಡಿದು ಹೋಗುತ್ತಾಳೆ. ಬಾರಕ್ಕಾ, ಮತ್ತೆ ಸೇರಿಕೋ ಎಂದು ಕರೆದಳು. ಅಕ್ಕನ ಮಿಷನ್ನಿನಲ್ಲಿ ಬೇರೆಯವಳು ಕೂತಾಗಿತ್ತು, ಅವಳ ವಯಸ್ಸಿನವರನ್ನು ಈಗ ತೆಗೆದುಕೊಳ್ಳುವುದೂ ಇಲ್ಲ. ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ ಎಂದು ಅಕ್ಕ ನಕ್ಕಳು. ಅವಳು ನಕ್ಕದ್ದನ್ನು ನಾನು ಮರೆಯುವುದಿಲ್ಲ, ಅವರಿಗೂ ಮರೆಯಲು ಬಿಡಬಾರದು ಎಂದುಕೊಂಡೆ. ಅಕ್ಕನೂ ಅದನ್ನೇ ಅಂದುಕೊಂಡಿದ್ದಾಳೆಂದು ನನಗೆ ಗೊತ್ತಿರಲಿಲ್ಲ.

ಒಂದು ದಿನ ಸ್ಕೂಲಿನಿಂದ ಬಂದರೆ ಮನೆಗೆ ಬೀಗ. ಕತ್ತಲಾಗುವ ಮುಂಚೆ ಬಂದಳು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದೆ.

‘ವಿಜಯನಗರಕ್ಕೆ. ಅದೇ ಬಸ್ಸಲ್ಲಿ. ಹೊಂಗೆ ಮರದ ಹತ್ರ ಇಳಿದೆ’ ಎಂದಳು.

‘ಇಳಿದು?’

‘ನಿಂತಿದ್ದೆ.’

ಅವರು ಹೊರಗೆ ಬಂದರಂತೆ. ಗೇಟಿನ ಆಚೆ ನಿಂತು, ಏನು ತಾಯಿ, ಯಾರ ಮನೆಗೆ ಬಂದಿದ್ರಿ ಎಂದು ಕೇಳಿದರಂತೆ. ಯಾರ ಮನೆಗೂ ಇಲ್ಲ ಸಾರ್, ಬಸ್ಸಿಗೆ ಕಾಯ್ತಾ ಇದೀನಿ ಎಂದಳಂತೆ ಅಕ್ಕ. ಒಂದು ಬಸ್ಸು ಬಂದು ನಿಂತಿತು, ಬಾಗಿಲು ತೆರೆಯಿತು. ಅವಳು ಹತ್ತಲಿಲ್ಲ. ಇನ್ನೊಂದು ಬಂತು, ಅದನ್ನೂ ಹತ್ತಲಿಲ್ಲ. ಅವರು ಒಳಗೆ ಹೋಗಿ ಕಿಟಕಿಯ ಪರದೆ ಎಳೆದುಕೊಂಡ ಮೇಲೆ ಮುಂದಿನ ಬಸ್ಸು ಹತ್ತಿ ಮನೆಗೆ ಬಂದಳಂತೆ.

‘ಮತ್ತೆ ಹೋಗ್ತೀಯಾ?’ ಎಂದೆ.

‘ಬಸ್ಸು ಫ್ರೀ ಕಣೇ’ ಎಂದಳು ಅಕ್ಕ.